ಮಂಗಳಮ್ಮ ಉಪ್ಪು ಬಿಟ್ಟಿದ್ದು

ಮಂಗಳಮ್ಮ ಸೊಸೆಯ ಹೆಸರು ಮರೆತಾಗ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆಬಾಯಿಗೆ ಸೌದೆ ನೂಕುತ್ತ ಕೂತಿದ್ದವರು ತಲೆಯೆತ್ತಿ, ನೀರಿನ ತಂಬಿಗೆ ಹಿಡಿದು ನಿಂತಿದ್ದ ಶಿವಾನಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಯಾರವ್ವ ನೀನು, ಯಾರ ಮನೆಯವಳು?" ಎಂದು ಕೇಳಿದರು. ಅತ್ತ ಕೂತು ಕಡ್ಡಿಗೆ ಹಸಿ ಹೊಗೆಸೊಪ್ಪು ಕಟ್ಟುತ್ತಿದ್ದ ಹೆಂಗಸರು ನಕ್ಕರು. ಪಕ್ಕದ ಮನೆಯ ಸುನಂದಮ್ಮ, "ನೋಡ್ಕಳವ್ವ ಶಿವಾನಿ, ಮೊಮ್ಮಗ ಬರೋಕ್ ಮುಂಚೇನೇ ನಿನ್ನ ಮರ್ತುಬುಟ್ರು ನಿಮ್ಮತ್ತೆ. ಬಂದ್ಮೇಲೆ ನಿಂಗೆ ಮುದ್ದೆ ಇಕ್ಕೋರೂ ಇರಕಿಲ್ಲ ಕಣೆ" ಎಂದರು. ಮಂಗಳಮ್ಮನೂ ನಕ್ಕು, ತಂಬಿಗೆ ಇಸಿದುಕೊಂಡು ಗಟಗಟನೆ ಕುಡಿದರು.

ಶಿವಾನಿಗೆ ನಗು ಬರಲಿಲ್ಲ. ಅತ್ತೆ ಅದನ್ನು ತಮಾಷೆಗೆ ಕೇಳಿರಲಿಲ್ಲ. ಆ ಕಣ್ಣುಗಳು ತನ್ನನ್ನು ನಿಜವಾಗಿಯೂ ಹುಡುಕಿ, ಸಿಗದೆ, ಸೋತು ಸುಮ್ಮನಾದದ್ದನ್ನು ಅವಳು ಹತ್ತಿರದಿಂದ ಕಂಡಿದ್ದಳು. ಅದನ್ನು ಯಾರಿಗಾದರೂ ಹೇಳಬೇಕೆಂದುಕೊಂಡಳು. ಮನಸ್ಸಿನಲ್ಲೇ ನಾಲ್ಕಾರು ಸಲ ಹೇಳಿಕೊಂಡಳು. ಅಷ್ಟರಲ್ಲಿ ನಗು ಮುಗಿದು ಎಲ್ಲರೂ ಕೆಲಸಕ್ಕೆ ತಿರುಗಿಯಾಗಿತ್ತು.

ಅವಳದು ಮೊದಲಿನಿಂದಲೂ ಹಾಗೆಯೇ. ತವರೂರು ಹ್ಯಾಂಡ್‌ಪೋಸ್ಟಿನ ಸರ್ಕಲ್ಲಿನ ಪಕ್ಕ ಅಪ್ಪನ ಅಂಗಡಿ. ದಿನವಿಡೀ ಬಸ್ಸಿನ ಜನರ ಗದ್ದಲದ ನಡುವೆ ಬೆಳೆದರೂ ಅವಳ ಬಾಯಿಂದ ಮಾತು ಹೊರಡುವುದು ಕಷ್ಟ. ಮದುವೆಯಾಗಿ ಕಂಪಲಾಪುರದ ಈ ಹೊಗೆಸೊಪ್ಪಿನ ಮನೆಗೆ ಬಂದ ಮೇಲೆ ಆ ಕಷ್ಟವನ್ನು ಮೊದಲು ಅರ್ಥ ಮಾಡಿಕೊಂಡವರು ಅತ್ತೆಯೇ. ಸೊಸೆ ಹೇಳದೆಯೇ ಅವಳಿಗೆ ಹಸಿವೆಯೋ ತಲೆನೋವೋ ಎಂದು ಮುಖ ನೋಡಿ ತಿಳಿಯುತ್ತಿದ್ದರು. ಮೊದಲನೆಯ ಬಸಿರು ಮೂರನೇ ತಿಂಗಳಿಗೇ ನಿಲ್ಲದೆ ಹೋದಾಗ ಬಚ್ಚಲಿನಲ್ಲಿ ಕಲ್ಲಿನಂತೆ ಕೂತಿದ್ದವಳನ್ನು ಎತ್ತಿ ತಂದು, ಕಾಲು ತೊಳೆದು, ಒಂದು ಮಾತೂ ಆಡದೆ ಪಕ್ಕದಲ್ಲಿ ಮಲಗಿದ್ದವರು.

ಈ ಸಲ ಮತ್ತೆ ಮುಟ್ಟು ನಿಂತದ್ದು ಖಚಿತವಾದ ವಾರವೇ ಮಂಗಳಮ್ಮ ಒಬ್ಬರೇ ನಂಜನಗೂಡಿಗೆ ಹೋಗಿ ಬಂದರು. ಮಗು ಕೈಗೆ ಬರುವವರೆಗೆ ನಾಲಿಗೆಗೆ ಉಪ್ಪು ಮುಟ್ಟಿಸುವುದಿಲ್ಲ ಎಂದು ನಂಜುಂಡಪ್ಪನ ಮುಂದೆ ಹೇಳಿಕೊಂಡು ಬಂದಿದ್ದರು. ಹೊತ್ತ ಹರಕೆಯನ್ನು ಹೊರಗಿನವರ ಮುಂದೆ ಬಾಯಿಬಿಟ್ಟು ಹೇಳಿದರೆ ಅದರ ಫಲ ಸೋರಿಹೋಗುತ್ತದೆ ಎನ್ನುವುದು ಆ ಮನೆಯ ನಂಬಿಕೆ. ಹಾಗಾಗಿ ಸುನಂದಮ್ಮನಿಗೂ ಗೊತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕುವ ಮುಂಚೆ ಒಂದು ಬಟ್ಟಲು ತೆಗೆದಿಟ್ಟುಕೊಂಡು, ಸಪ್ಪೆ ಮುದ್ದೆಯನ್ನು ಅದರಲ್ಲಿ ಅದ್ದಿ ನುಂಗುತ್ತಿದ್ದರು. ಮಗ ನಂಜುಂಡೇಶನಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಅವ್ವನಿಗೆ ಬಿಪಿ ಇದೆ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಯಾವತ್ತೋ ಹೇಳಿದ್ದರು, ದೇವರ ಹೆಸರಲ್ಲಾದರೂ ಆಯಿತಲ್ಲ ಎಂದು ಸಮಾಧಾನಪಟ್ಟಿದ್ದ. ಬಿಪಿಯ ಮಾತ್ರೆಯನ್ನೂ ಅವರು ಒಂದು ದಿನ ತಪ್ಪಿಸುತ್ತಿರಲಿಲ್ಲ.

ಶ್ರಾವಣ ಬಂತು, ಸೊಪ್ಪು ಮುರಿಯುವ ಕಾಲವೂ ಬಂತು. ಬ್ಯಾರನ್ನು ಅಂದರೆ ಕಿಟಕಿಯಿಲ್ಲದ ಎತ್ತರದ ಕೋಣೆ. ಒಳಗೆ ಸೊಪ್ಪಿನ ಕಡ್ಡಿಗಳನ್ನು ಸಾಲುಸಾಲಾಗಿ ನೇತುಹಾಕಿ, ಹೊರಗಿನ ಒಲೆಬಾಯಿಂದ ಬೆಂಕಿ ಕೊಟ್ಟು, ಹಸಿರು ಹೋಗಿ ಹೊಂಬಣ್ಣ ಬರುವವರೆಗೆ ಕಾವನ್ನು ಮೆಲ್ಲಗೆ ಏರಿಸುತ್ತ ಹೋಗಬೇಕು. ಒಲೆಯ ಮುಂದೆ ಕೂರುವ ಕೆಲಸ ಮಂಗಳಮ್ಮನದೇ. ಅವರ ಗಂಡ ನೀಲಕಂಠಸ್ವಾಮಿ ಕೂಡ ಕಾವಿನ ವಿಷಯದಲ್ಲಿ ಹೆಂಡತಿಯ ಮಾತನ್ನು ಕೇಳುತ್ತಿದ್ದರು. ಬೆವರು ಸೀರೆಯನ್ನು ತೋಯಿಸಿ, ಒಣಗಿ, ಬೆನ್ನಿನ ಮೇಲೆ ಬಿಳಿ ಗೆರೆ ಬರೆಯುತ್ತಿತ್ತು. ಬಸುರಿ ಹಸಿ ಸೊಪ್ಪು ಮುಟ್ಟಬಾರದೆಂದು ಶಿವಾನಿಗೆ ಉಳಿದದ್ದು ಒಂದೇ ಕೆಲಸ, ಒಲೆಯ ಮುಂದಿದ್ದ ಅತ್ತೆಗೆ ನೀರು ಕೊಡುವುದು. ಅದನ್ನು ಅವಳು ಬಹಳ ಶ್ರದ್ಧೆಯಿಂದ ಮಾಡಿದಳು. ಅತ್ತೆಗೆ ತಲೆನೋವು ಎಂದಾಗ ನೀರು, ಹೊಟ್ಟೆ ತೊಳೆಸುತ್ತದೆ ಎಂದಾಗ ನೀರು. ನಡೆಯುವಾಗ ಕಾಲು ಅತ್ತಿತ್ತ ಹೋಗತೊಡಗಿದಾಗ ಮಾವ, ಸುನಂದಮ್ಮ, ನಂಜುಂಡೇಶ ಎಲ್ಲರೂ ಒಂದೇ ಮಾತು ಹೇಳಿದರು: ಒಲೆಯ ಉಷ್ಣ ತಲೆಗೇರಿದೆ, ಇನ್ನೂ ನೀರು ಕುಡಿಸು.

ಹೆಸರು ಮರೆತ ಮಧ್ಯಾಹ್ನ ಕಳೆದು ಮಾರನೆಯ ದಿನ, ಬಿಸಿಲು ಸ್ವಲ್ಪ ವಾಲಿದ್ದ ಹೊತ್ತು. ಶಿವಾನಿ ತಂಬಿಗೆ ತುಂಬಿಕೊಂಡು ಬರುವಾಗ ಅತ್ತೆ ಒಲೆಯ ಮುಂದೆ ಕೂತಿದ್ದವರು ಒಂದು ಪಕ್ಕಕ್ಕೆ ನಿಧಾನವಾಗಿ ಒರಗಿದರು. ನಿದ್ದೆ ಬಂದಿರಬೇಕೆಂದುಕೊಂಡಳು. ಆಮೇಲೆ ಅವರ ಕೈ ಸೆಟೆಯಿತು. ಹಲ್ಲು ಕಚ್ಚಿಕೊಂಡಿತು, ಕಣ್ಣಿನ ಬಿಳಿ ಮಾತ್ರ ಕಂಡಿತು, ಇಡೀ ಮೈ ಒಲೆಬಾಯಿಗೆ ಒಂದು ಮೊಳ ದೂರದಲ್ಲಿ ಅದುರತೊಡಗಿತು. ಶಿವಾನಿ ತಂಬಿಗೆ ಬಿಟ್ಟು ಓಡಿ, ಕಂಕುಳಿಗೆ ಕೈ ಹಾಕಿ, ಅವರನ್ನು ಬೆಂಕಿಯಿಂದ ಹಿಂದಕ್ಕೆ ಎಳೆದಳು. ಕೂಗಿದೆನೆಂದೇ ಅಂದುಕೊಂಡಿದ್ದಳು, ಗಂಟಲಿಂದ ಸದ್ದೇ ಹೊರಟಿರಲಿಲ್ಲ. ಸೊಪ್ಪು ಕಟ್ಟುತ್ತಿದ್ದವರು ತಂಬಿಗೆ ಉರುಳಿದ ಸದ್ದಿಗೆ ತಿರುಗಿ ನೋಡಿ ಓಡಿ ಬಂದರು.

ಯಾರೋ ಮಂಗಳಮ್ಮನ ಕೈಗೆ ಬೀಗದಕೈ ಗೊಂಚಲು ತುರುಕಿದರು. ಇನ್ಯಾರೋ, ಬೇವಿನ ಮರದ ಕಡೆ ಹೋಗಿದ್ದಾಗ ಗಾಳಿ ಸೋಕಿದೆ ಎಂದರು. ಅದುರುವುದು ನಿಂತ ಕೂಡಲೇ ಸುನಂದಮ್ಮ ಲೋಟ ತಂದು ಮತ್ತೆ ನೀರು ಕುಡಿಸಲು ಹೋದರು. ನೀರು ಗಂಟಲಿಗೆ ಇಳಿಯದೆ ಕಟವಾಯಿಂದ ಸೋರಿತು. ನಂಜುಂಡೇಶ ಕಡ್ಡಿ ನೇತುಹಾಕುತ್ತಿದ್ದ ಪಕ್ಕದ ಬ್ಯಾರನ್ನಿನೊಳಗಿಂದ ಇಳಿದು ಬಂದು, ಅವ್ವನ ಕೆನ್ನೆ ತಟ್ಟಿ ತಟ್ಟಿ ಕರೆದ. ಅವ್ವ ಗೊರಕೆ ಹೊಡೆಯುತ್ತಿದ್ದರು. ಅದು ನಿದ್ದೆಯ ಗೊರಕೆಯಲ್ಲವೆಂದು ಶಿವಾನಿಗೆ ತಿಳಿಯಿತು.

ಊರಿನ ಲಿಂಗರಾಜುವಿನ ಓಮ್ನಿ ವ್ಯಾನು ಬಂತು. ಬಸುರಿ ಹೆಂಗಸು ಇಂಥದ್ದರ ಜೊತೆ ಹೋಗಬಾರದು ಎಂದು ಸುನಂದಮ್ಮ ತಡೆದರು. ನೀಲಕಂಠಸ್ವಾಮಿಗೆ ಹೋಗುವ ಹಾಗಿರಲಿಲ್ಲ, ಉರಿಯುತ್ತಿದ್ದ ಒಲೆಯನ್ನು ಬಿಟ್ಟರೆ ಕೋಣೆಯೇ ಹೊತ್ತಿಕೊಳ್ಳಬಹುದು. ಅವರು ಓಮ್ನಿಯ ಬಾಗಿಲು ಹಿಡಿದು, ಒಲೆಯನ್ನೊಮ್ಮೆ ಹೆಂಡತಿಯನ್ನೊಮ್ಮೆ ನೋಡುತ್ತ ನಿಂತರು. ಶಿವಾನಿ ಯಾರನ್ನೂ ಕೇಳದೆ ಹತ್ತಿ ಕೂತು ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಹುಣಸೂರಿನ ಆಸ್ಪತ್ರೆಯಲ್ಲಿ ಇದ್ದವರು ಡಾಕ್ಟರ್ ಉಷಾರಾಣಿ. ಕಣ್ಣಿಗೆ ಟಾರ್ಚು ಬಿಟ್ಟು, ಕೈಕಾಲು ಎತ್ತಿ ನೋಡಿ, ಯಾವ ಮಾತ್ರೆ, ಎಷ್ಟು ದಿನದಿಂದ ಹೀಗೆ, ಊಟ ಹೇಗೆ ಎಂದು ಒಂದೊಂದಾಗಿ ಕೇಳುತ್ತ ಹೋದರು. ನಂಜುಂಡೇಶ ಮಾತ್ರೆಯ ಹೆಸರು ಹೇಳಿದ. ಊಟದ ವಿಷಯಕ್ಕೆ, ಎಲ್ಲರ ಹಾಗೇ ಉಣ್ಣುತ್ತಾರೆ ಎಂದ. ಹಾಗೆನ್ನುವಾಗ ಹೆಂಡತಿಯ ಕಡೆ ಒಮ್ಮೆ ನೋಡಿದ. ಆ ನೋಟದ ಅರ್ಥ ಅವಳಿಗೆ ತಿಳಿಯಿತು. ಡಾಕ್ಟರು, ಮೆದುಳಿನಲ್ಲಿ ರಕ್ತಸ್ರಾವವೂ ಇರಬಹುದು, ಮೈಸೂರಿಗೆ ಕಳಿಸಿ ಸ್ಕ್ಯಾನ್ ಮಾಡಿಸಬೇಕಾಗಬಹುದು ಎನ್ನುತ್ತ ಬರೆಯತೊಡಗಿದರು.

ಹೇಳಿದರೆ ಹರಕೆಯ ಫಲ ಸೋರಿಹೋಗುತ್ತದೆ. ಹೇಳದಿದ್ದರೆ? ಶಿವಾನಿ ಎರಡೂ ಕೈಯನ್ನು ಸೆರಗಿನೊಳಗೆ ಹೊಟ್ಟೆಯ ಮೇಲೆ ಒತ್ತಿಕೊಂಡಳು. ಅತ್ತೆಯ ಗೊರಕೆ ಕೇಳಿಸುತ್ತಲೇ ಇತ್ತು.

"ಉಪ್ಪು ತಿನ್ನಲ್ಲ ಮೇಡಂ" ಎಂದಳು.

ಡಾಕ್ಟರು ಪೆನ್ನು ನಿಲ್ಲಿಸಿದರು. ಎಷ್ಟು ಕಾಲದಿಂದ ಎಂದು ಕೇಳಿದರು. ಶಿವಾನಿ, ತನಗೆ ಮುಟ್ಟು ನಿಂತಾಗಿನಿಂದ ಎಂದಳು. ನೀರು? ನೀರು ತಾನೇ ಕೊಡುತ್ತಿದ್ದೆ, ದಿನಕ್ಕೆ ಬಿಂದಿಗೆಗಟ್ಟಲೆ ಕೊಡುತ್ತಿದ್ದೆ ಎಂದಳು. ನಂಜುಂಡೇಶ ಗೋಡೆಯ ಕಡೆ ಮುಖ ತಿರುಗಿಸಿ ನಿಂತ.

ರಕ್ತಪರೀಕ್ಷೆಯ ಫಲಿತಾಂಶ ಬಂದಾಗ ಡಾಕ್ಟರ ಮುಖ ಬಿಗಿಯಿತು. ಅವರು ಸೋಡಿಯಂ ಎಂದು ಒಮ್ಮೆ ಅಂದು, ಆಮೇಲೆ ಉಪ್ಪು ಅಂತಲೇ ಮಾತಾಡಿದರು. ರಕ್ತದಲ್ಲಿ ಉಪ್ಪು ಇಷ್ಟೇ ಇರಬೇಕೆಂದು ದೇಹ ಒಂದು ಹದ ಇಟ್ಟುಕೊಂಡಿರುತ್ತದಂತೆ. ಹೆಚ್ಚಾದರೆ ಬಾಯಾರಿಕೆ ಹುಟ್ಟಿಸಿ ನೀರು ಕುಡಿಸುತ್ತದೆ, ನೀರು ಹೆಚ್ಚಾದರೆ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಮೂತ್ರಪಿಂಡ, ಮೆದುಳು ಎರಡೂ ಸೇರಿಕೊಂಡು ನಾವು ಮಲಗಿದ್ದಾಗಲೂ ಅದನ್ನು ಕಾಯುತ್ತಲೇ ಇರುತ್ತವೆ. ಇಲ್ಲಿ ಎಲ್ಲ ಕಡೆಯಿಂದಲೂ ಅದಕ್ಕೆ ಪೆಟ್ಟು ಬಿದ್ದಿದೆ. ಬೆವರು ಉಪ್ಪನ್ನು ತೆಗೆದುಕೊಂಡು ಹೋಯಿತು, ಬಿಪಿಯ ಆ ಮಾತ್ರೆಯೂ ಉಪ್ಪನ್ನು ಮೂತ್ರದಲ್ಲಿ ಕಳಿಸುವಂಥದ್ದು, ಊಟದಿಂದ ಒಂದು ಹರಳೂ ಬರಲಿಲ್ಲ, ಮೇಲೆ ನೀರು ಮಾತ್ರ ಸುರಿಯುತ್ತಾ ಬಂತು. ರಕ್ತ ತೆಳ್ಳಗಾದಂತೆ ನೀರು ಮೆದುಳಿನೊಳಗೆ ಹೊಕ್ಕು ಅದು ಊದಿಕೊಂಡಿದೆ.

"ಈಗ ಉಪ್ಪು ಕೊಡ್ಬೇಕು. ಡ್ರಿಪ್‌ನಲ್ಲಿ. ಫಿಟ್ಸ್ ಮತ್ತೆ ಬರಬಾರದು ಅಂತ ಮೊದಲು ಒಂದಿಷ್ಟು ಬೇಗ ಕೊಡ್ತೀವಿ. ಆಮೇಲೆ ತುಂಬಾ ನಿಧಾನ. ಮೆದುಳು ಈ ತೆಳು ರಕ್ತಕ್ಕೇ ಒಗ್ಗಿಕೊಂಡು ಬಿಟ್ಟಿರುತ್ತೆ. ಅವಸರ ಮಾಡಿದ್ರೆ ಅದಕ್ಕೆ ಇನ್ನೊಂದು ಥರದ ಪೆಟ್ಟು ಬೀಳುತ್ತೆ, ಕೈಕಾಲು ಬಿದ್ದುಹೋಗಬಹುದು. ಕೊಡದೆ ಇದ್ರೆ ಉಳಿಯೋದಿಲ್ಲ."

ನಂಜುಂಡೇಶ ಅಪ್ಪನಿಗೆ ಫೋನ್ ಮಾಡಿ ಅದನ್ನೆಲ್ಲ ಹೇಳಿದ. ನೀಲಕಂಠಸ್ವಾಮಿ, ಬ್ಯಾರನ್ನಿಗೆ ಒಂದೇ ಏಟಿಗೆ ಕಾವು ಕೊಟ್ಟರೆ ಸೊಪ್ಪು ಕಪ್ಪಾಗುತ್ತಲ್ಲ, ಹಾಗೆಯೋ ಎಂದು ಕೇಳಿ, ಮಗ ಹೂಂ ಎನ್ನುವಷ್ಟರಲ್ಲಿ ಫೋನ್ ಇಟ್ಟುಬಿಟ್ಟರಂತೆ.

ಹರಕೆಯ ಮಾತನ್ನು ಗಂಡ ಹೆಂಡತಿ ಇಬ್ಬರೂ ಎತ್ತಲಿಲ್ಲ. ಪ್ರಜ್ಞೆಯಿಲ್ಲದವರ ರಕ್ತಕ್ಕೆ ಉಪ್ಪು ಹೋದರೆ ಅದು ನಾಲಿಗೆಗೆ ಮುಟ್ಟಿದಂತೆಯೇ, ಅಲ್ಲವೇ ಎಂದು ಶಿವಾನಿ ತನ್ನಷ್ಟಕ್ಕೇ ಕೇಳಿಕೊಂಡಳು. ಸೂಜಿ ಏರಿತು. ಬಾಟಲಿಯಿಂದ ಹನಿ ಇಳಿಯತೊಡಗಿತು. ಅತ್ತೆಯ ಗೊರಕೆ ಕ್ರಮೇಣ ಸಾಧಾರಣ ಉಸಿರಾಯಿತು.

ಸಂಜೆಯ ಹೊತ್ತಿಗೆ ಮಂಗಳಮ್ಮ ಕಣ್ಣು ಬಿಟ್ಟು, ಮೊದಲು ಕೇಳಿದ್ದು ನೀರು. ನೀರು ಕೊಡಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಒದ್ದೆ ಬಟ್ಟೆಯಿಂದ ತುಟಿ ಒರೆಸಿದರೆ ಅವರು ಬಟ್ಟೆಯನ್ನೇ ಹೀರುತ್ತ, ಸೊಸೆಯ ಮುಖವನ್ನು ಬೇಡುವವರ ಹಾಗೆ ನೋಡಿದರು. ಒಂದು ವಾರ ಕೇಳದೆಯೇ ತಂಬಿಗೆ ತುಂಬಿ ಕೊಟ್ಟವಳು ಈಗ ಕೇಳಿದರೂ ಕೊಡದೆ ಕೂತಿದ್ದಳು. ಹಾಗೆ ಕೂತಿರುವಾಗಲೇ ನರ್ಸು ಬಂದು ಬಾಟಲಿ ನೋಡಿ, ಈ ಉಪ್ಪಿನ ಡ್ರಿಪ್ ಮುಟ್ಟಬೇಡಿ, ಇದನ್ನು ಜೋರು ಮಾಡುವಂತಿಲ್ಲ ಎಂದು ನಂಜುಂಡೇಶನಿಗೆ ಹೇಳಿದಳು.

ಉಪ್ಪು ಎಂಬ ಮಾತು ಮಂಗಳಮ್ಮನ ಕಿವಿಗೆ ಬಿತ್ತು. ಅರೆಮಂಪರಿನಲ್ಲಿದ್ದವರು ಬಾಟಲಿಯನ್ನು ನೋಡಿದರು, ನಳಿಗೆಯನ್ನು ನೋಡಿದರು, ಅದು ಬಂದು ಸೇರಿದ್ದ ತಮ್ಮ ಕೈಯನ್ನು ನೋಡಿದರು. ಯಾರೂ ಹಿಡಿಯುವ ಮೊದಲೇ ಇನ್ನೊಂದು ಕೈಯಿಂದ ಸೂಜಿಯನ್ನು ಕಿತ್ತುಹಾಕಿದರು. ರಕ್ತ ಚಿಮ್ಮಿ ಹೊದಿಕೆಯ ಮೇಲೆ ಬಿತ್ತು.

"ನನ್ನ ಮೊಮ್ಮಗೀನ ಕೊಂದುಬುಡ್ತೀರೇನ್ಲಾ" ಎಂದರು. ಬೈಗುಳದ ದನಿಯಲ್ಲ, ಅಳುವ ದನಿ. "ಬ್ಯಾಡ ಕಣ್ಲಾ ಮಗ. ನಾನ್ ಹೋದ್ರೆ ಹೋಯ್ತೀನಿ. ಅದು ಉಳೀಲಿ."

ನರ್ಸು ಹತ್ತಿ ಒತ್ತಿ ಹಿಡಿದಳು. ಮಂಗಳಮ್ಮ ಆ ಕೈಯನ್ನೂ ದೂಡಿದರು. ಮತ್ತೆ ಹಾಕುವುದೋ ಬೇಡವೋ ಬೇಗ ಹೇಳಿ, ಬಿಟ್ಟರೆ ಮತ್ತೆ ಫಿಟ್ಸ್ ಬರುತ್ತದೆ ಎಂದಳು ನರ್ಸು. ನಂಜುಂಡೇಶನಿಗೆ ಒಂದು ಕಡೆ ಅವ್ವ, ಒಂದು ಕಡೆ ಹೆಂಡತಿಯ ಹೊಟ್ಟೆ. ಕೊನೆಗೆ ಹೆಂಡತಿಯ ಕಡೆ ತಿರುಗಿ, "ನೀನೇ ಹೇಳು ಶಿವಾನಿ. ನನ್ ಕೈಲಾಗಕಿಲ್ಲ" ಎಂದ.

ಹರಕೆ ಸುಳ್ಳು ಎಂದು ಒಂದು ಸಲ ಅನಿಸಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಹಾಗೆ ಅನಿಸಲಿಲ್ಲ. ಮೊದಲನೆಯದಕ್ಕೆ ಯಾರೂ ಏನೂ ಹೊತ್ತಿರಲಿಲ್ಲ, ಅದು ಹೋಯಿತು. ಈ ಸಲ ಅತ್ತೆ ಹೊತ್ತರು, ನಿಂತಿದೆ. ಇಷ್ಟು ತಿಂಗಳೂ ರಾತ್ರಿ ಮಲಗುವಾಗ ಅವಳಿಗೆ ಧೈರ್ಯ ಕೊಟ್ಟದ್ದು ಅತ್ತೆಯ ಆ ಸಪ್ಪೆ ಬಟ್ಟಲೇ. ಅದನ್ನೇ ಈಗ ತನ್ನ ಬಾಯಿಂದ ಒಡೆಯಬೇಕು. ಒಡೆದ ಮೇಲೆ ಏನಾದರೂ ಆದರೆ, ಯಾರೂ ಅವಳನ್ನು ದೂರುವುದಿಲ್ಲ. ಅವಳು ಮಾತ್ರ ಬದುಕಿರುವಷ್ಟು ದಿನ ತನ್ನನ್ನು ತಾನೇ ಕೇಳಿಕೊಳ್ಳುತ್ತಿರಬೇಕು.

ಮಂಗಳಮ್ಮನ ಕಣ್ಣು ಮತ್ತೆ ಮೇಲಕ್ಕೆ ಜಾರತೊಡಗಿತ್ತು.

ಶಿವಾನಿ ಮಂಚದ ಅಂಚಿನಲ್ಲಿ ಕೂತು ಅತ್ತೆಯ ಎರಡೂ ಕೈ ಹಿಡಿದುಕೊಂಡಳು. "ಅತ್ತೆ, ನೀವು ಹೊತ್ಕಂಡಿದ್ದು ನನ್ ಮಗೂಗೆ. ಬ್ಯಾಡ ಅನ್ನೋಕೆ ನಂಗೂ ಹಕ್ಕೈತೆ. ನಾನೇ ಬ್ಯಾಡ ಅಂತಿದೀನಿ. ಪಾಪ ಬಂದ್ರೆ ನನ್ ಮ್ಯಾಲೇ ಬರ್ಲಿ." ಆಮೇಲೆ ನರ್ಸಿನ ಕಡೆ ನೋಡದೆಯೇ, "ಹಾಕಿ" ಎಂದಳು.

ಮಂಗಳಮ್ಮ ಕೈ ಬಿಡಿಸಿಕೊಳ್ಳಲು ನೋಡಿದರು. ಆ ಕೈಯಲ್ಲಿ ಅಷ್ಟು ಶಕ್ತಿ ಉಳಿದಿರಲಿಲ್ಲ. ಶಿವಾನಿ ಬಿಡಲಿಲ್ಲ. ಸೂಜಿ ಎರಡನೇ ಸಲ ಚುಚ್ಚಿದಾಗ ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯ ಓಲೆಯ ಮೇಲೆ ನಿಂತಿತು.

ಬಾಟಲಿಯ ಹನಿಗಳು ಮತ್ತೆ ಬೀಳತೊಡಗಿ ಸ್ವಲ್ಪ ಹೊತ್ತಾಗಿತ್ತು, ಅಷ್ಟೆ. ಶಿವಾನಿಯ ಕಿಬ್ಬೊಟ್ಟೆ ಒಮ್ಮೆ ಹಿಡಿದುಕೊಂಡು ಬಿಟ್ಟಿತು.

ಅವಳು ಅಲ್ಲಾಡಲಿಲ್ಲ. ಉಸಿರು ಕಟ್ಟಿ ಕೂತಳು. ಇನ್ನೊಮ್ಮೆ ಹಿಡಿಯಿತು. ಗಂಡನಿಗೆ ಏನೂ ಹೇಳದೆ ಎದ್ದು, ವಾರ್ಡಿನ ಕೊನೆಯ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಲಂಗದ ಲಾಡಿ ಬಿಚ್ಚಿದಳು. ನೋಡಿದಳು. ಬಲ್ಬಿನ ಮಂಕು ಬೆಳಕಿನಲ್ಲಿ ಬಟ್ಟೆಯನ್ನು ಅತ್ತಿತ್ತ ತಿರುಗಿಸಿ ಮತ್ತೆ ನೋಡಿದಳು. ಏನೂ ಇರಲಿಲ್ಲ. ಹೊರಗೆ ಬಂದು ಕೂತಳು. ಮತ್ತೆ ಎದ್ದು ಹೋದಳು. ಎಷ್ಟು ಸಲ ಹೋದಳೋ, ಆ ಬಚ್ಚಲಿನ ಒಡೆದ ನೆಲದ ಗೆರೆಗಳೆಲ್ಲ ಅವಳಿಗೆ ಬಾಯಿಪಾಠವಾದವು. ಪ್ರತಿ ಸಲವೂ ಚಿಲಕ ಹಾಕುವಾಗ ಈಗ ರಕ್ತ ಕಂಡೇ ಕಾಣುತ್ತದೆ ಎಂದುಕೊಳ್ಳುತ್ತಿದ್ದಳು; ಪ್ರತಿ ಸಲ ವಾಪಸು ಬರುವಾಗ, ಇಷ್ಟರಲ್ಲಿ ಅತ್ತೆಗೆ ಏನಾದರೂ ಆಗಿರುತ್ತದೆ ಎಂದು ಕಾಲು ಬೀಸಿ ಬರುತ್ತಿದ್ದಳು. ಎರಡು ಭಯದ ನಡುವೆ ಅವಳು ಓಡಾಡುತ್ತಲೇ ಇದ್ದಳು.

ಡಾಕ್ಟರು ನಡುನಡುವೆ ಬಂದು ರಕ್ತ ತೆಗೆಸಿ, ಹನಿಯ ಓಟವನ್ನು ಒಮ್ಮೆ ಇಳಿಸಿ ಹೋದರು. ಉಪ್ಪು ಏರುತ್ತಿದೆ, ಅವಸರವಿಲ್ಲದೆ ಏರುತ್ತಿದೆ ಎಂದರು. ಅವಳ ಮುಖ ನೋಡಿ ಏನಾಯಿತು ಎಂದು ಕೇಳಿದಾಗ ಅವಳು ಹೇಳಿದಳು. ಅವರು ಅವಳನ್ನು ಪಕ್ಕದ ಮಂಚದ ಮೇಲೆ ಮಲಗಿಸಿ, ಹೊಟ್ಟೆ ಒತ್ತಿ ನೋಡಿ, ಸದ್ಯಕ್ಕೆ ಏನೂ ಕಾಣುತ್ತಿಲ್ಲ, ಎದ್ದು ಓಡಾಡಬೇಡ, ರಕ್ತ ಕಂಡರೆ ತಕ್ಷಣ ಕೂಗು ಎಂದರು. ಸದ್ಯಕ್ಕೆ ಎಂಬ ಮಾತೊಂದೇ ಅವಳ ಕಿವಿಯಲ್ಲಿ ಉಳಿಯಿತು.

ಬೆಳಕಾಯಿತು. ಮಂಗಳಮ್ಮ ಎಚ್ಚರಾದಾಗ ಡಾಕ್ಟರು ಹೆಸರು ಕೇಳಿದರು, ಹೇಳಿದರು. ಊರು ಕೇಳಿದರು, ಹೇಳಿದರು. ಇವಳು ಯಾರು ಎಂದು ಶಿವಾನಿಯನ್ನು ತೋರಿಸಿದಾಗ, "ನನ್ ಸೊಸೆ" ಎಂದರು. ಅಷ್ಟು ಹೇಳಿ ಕಣ್ಣು ಬೇರೆ ಕಡೆ ತಿರುಗಿಸಿದರು. ನಂಜುಂಡೇಶ ಅಪ್ಪನಿಗೆ ಸುದ್ದಿ ಹೇಳಲು ಹೊರಗೆ ಹೋದ. ಗಂಡಾಂತರ ಇನ್ನೂ ಪೂರ್ತಿ ಕಳೆದಿಲ್ಲ, ಇನ್ನೂ ಒಂದು ದಿನ ಇದೇ ನಿಧಾನ ಬೇಕು. ಇನ್ನು ಮುಂದೆ ಬಾಯಿಂದಲೂ ಉಪ್ಪು ಹೋಗಬೇಕು, ಡ್ರಿಪ್ ಎಷ್ಟು ದಿನ ಹಾಕುವುದು ಎಂದು ಡಾಕ್ಟರು ಹೇಳಿ ಹೋದರು.

ಶಿವಾನಿ ಕ್ಯಾಂಟೀನಿನಿಂದ ಬಂದ ಗಂಜಿಗೆ ಉಪ್ಪು ಹಾಕಿ ಕಲಸಿದಳು. ಚಮಚ ತುಂಬಿ ಅತ್ತೆಯ ತುಟಿಯ ಹತ್ತಿರ ಹಿಡಿದಳು. ತುಟಿ ತೆರೆಯಲಿಲ್ಲ.

"ಉಪ್ಪು ಹಾಕಿದ್ಯಾ?"

"ಹಾಕಿದೀನಿ, ಅತ್ತೆ."

ಮಂಗಳಮ್ಮ ಸೂಜಿಯಿಲ್ಲದ ಕೈಯನ್ನು ಮೆಲ್ಲಗೆ ಎತ್ತಿ, ಸೊಸೆಯ ಸೆರಗು ಸರಿಸಿ, ಅವಳ ಹೊಟ್ಟೆಯ ಮೇಲೆ ಇಟ್ಟರು. ಆ ಅಂಗೈ ಒಣಗಿ ಒರಟಾಗಿತ್ತು.

"ಏನಾದ್ರೂ ಆಯ್ತಾ ಮಗ?"

"ಇಲ್ಲ."

"ನೋಡ್ಕಂಡ್ಯಾ?"

"ನೋಡ್ಕತಾನೇ ಇದೀನಿ."

ಕೈ ಹೊಟ್ಟೆಯ ಮೇಲಿಂದ ಸರಿಯಲಿಲ್ಲ. ಇಬ್ಬರೂ ಉಸಿರು ಬಿಗಿಹಿಡಿದು, ಒಳಗಿನಿಂದ ಏನೋ ಹೇಳಿಕಳಿಸುವವರಿದ್ದಾರೆ ಎಂಬಂತೆ ಕಾದರು. ಚಮಚದಲ್ಲಿದ್ದ ಗಂಜಿ ತಣ್ಣಗಾಗುತ್ತಿತ್ತು. ಆಮೇಲೆ ಮಂಗಳಮ್ಮ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಹೊಟ್ಟೆಯ ಮೇಲಿನ ಬೆರಳುಗಳನ್ನು ಇನ್ನಷ್ಟು ಬಿಗಿ ಮಾಡಿ, ಬಾಯಿ ತೆರೆದರು.